ಸೇವೆಗೆಂದು ಬಂದವರು, ಸೇವೆಗೆಂದು ಹೋಗುವವರು

ಪರದೇಶದ ಬಡ ಹಳ್ಳಿಗೆ ಕ್ರೈಸ್ತ ಮಿಶನ್ ಪರವಾಗಿ ಸೇವೆಗೆ ಹೋಗಿಬಂದ ಕತೆಗಳನ್ನು ಹೆಚ್ಚಾಗಿ ಹೋದವರ ಬಾಯಿಂದಲೇ ಕೇಳುತ್ತೇವೆ. ತಾವು ಕಂಡ ಬಡತನ, ಪಟ್ಟ ಪಾಡು, ಅದರಿಂದ ಮಾಗಿದ ತಮ್ಮ ಮನಸ್ಸು ಇವೇ ಆ ಕತೆಗಳ ತಿರುಳು. ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟಮೇಲೆ ಆ ಹಳ್ಳಿಯಲ್ಲಿ ಏನು ಉಳಿಯಿತು ಎಂದು ಹೇಳುವವರು ಕಡಿಮೆ. ಹುಬ್ಬಳ್ಳಿ–ಧಾರವಾಡದವರಾದ ನಾವು ಅದನ್ನು ಹೇಳಬಲ್ಲೆವು. ಯಾಕೆಂದರೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಸೀಮೆಯೇ ಯುರೋಪಿನ ಯುವಕರಿಗೆ ಆ ಪರದೇಶವಾಗಿತ್ತು. ಬಂದವರನ್ನು ನಮ್ಮ ಹಿರಿಯರು ಕಂಡರು, ಅವರಿಗೆ ನುಡಿ ಕಲಿಸಿದರು, ಅವರೊಡನೆ ವಾದ ಮಾಡಿದರು, ಅವರ ಶಾಲೆಗೆ ಮಕ್ಕಳನ್ನು ಕಳಿಸಿದರು, ಕೆಲವರು ಅವರ ಧರ್ಮಕ್ಕೆ ಸೇರಿದರು, ಬಹಳಷ್ಟು ಜನ ಸೇರಲಿಲ್ಲ. ಇವತ್ತು ನಮ್ಮ ಮಕ್ಕಳೇ ಅಮೆರಿಕದಿಂದಲೋ ಜರ್ಮನಿಯಿಂದಲೋ ಇಂಥ ಸೇವೆಗೆ ಹೊರಡುವ ಕಾಲ ಬಂದಿದೆ. ಹಾಗಾಗಿ ಈ ಇಡೀ ಪ್ರಶ್ನೆಯನ್ನು ಇಲ್ಲಿಂದಲೇ, ಪಡೆದವರ ಕಡೆಯಿಂದಲೇ, ಒಮ್ಮೆ ನೋಡಬೇಕೆನಿಸಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್‌ಗೆ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆ. ಅಲ್ಲಿಯವರೆಗೆ ಕಂಪನಿ ಸರ್ಕಾರದ ಸೀಮೆಯಲ್ಲಿ ಬ್ರಿಟಿಷರಲ್ಲದ ಮಿಶನ್‌ಗಳಿಗೆ ಸುಲಭವಾಗಿ ಎಡೆ ಸಿಗುತ್ತಿರಲಿಲ್ಲ. ಮರುವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿಳಿದು ಮಂಗಳೂರು ಸೇರಿದರು. ಅಲ್ಲಿಂದ ಘಟ್ಟ ಹತ್ತಿ ಬಂದವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆ ಹೂಡಿದರು. ಬ್ರಿಟಿಷರು ಆಗ ಈ ಪ್ರದೇಶವನ್ನು 'ದಕ್ಷಿಣ ಮರಾಠಾ ಸೀಮೆ' ಎಂದು ಕರೆಯುತ್ತಿದ್ದರು. ಜನ ಆಡುವುದು ಕನ್ನಡ, ಕಚೇರಿಯಲ್ಲಿ ನಡೆಯುವುದು ಮರಾಠಿ.

ಬಂದವರು ಯಾರು ಎಂಬುದು ಇಲ್ಲಿ ಮುಖ್ಯ. ಬಹುಪಾಲು ಮಂದಿ ಶ್ರೀಮಂತರಲ್ಲ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಬಡಗಿಗಳ, ನೇಕಾರರ ಮಕ್ಕಳು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಆಕಾಶ ತುಂಬಿದ್ದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಹಸಿವಿನ ವರ್ಷಗಳು ವುರ್ಟೆಂಬರ್ಗನ್ನು ಹಿಂಡಿಹಾಕಿದವು. ಮುಂದೆ ನಮ್ಮಲ್ಲಿಗೆ ಬಂದವರಲ್ಲಿ ಹಲವರು ಆ ಹಸಿವನ್ನು ಉಂಡ ಮನೆಗಳಿಂದ ಬಂದವರು. ಬಾಸೆಲ್‌ನ ಸೆಮಿನರಿಯಲ್ಲಿ ವರ್ಷಗಟ್ಟಲೆ ಓದು, ಓದಿನ ಜೊತೆಗೆ ಮೈಮುರಿಯುವ ದುಡಿಮೆ. ಹೊರದೇಶಕ್ಕೆ ಹೋದ ಮೇಲೆ ಮೊದಲ 2 ವರ್ಷ ಮದುವೆಯ ಮಾತೆತ್ತುವಂತಿರಲಿಲ್ಲ. ಆಮೇಲೂ ಸಂಸ್ಥೆಯ ಒಪ್ಪಿಗೆ ಬೇಕು. ಎಷ್ಟೋ ಸಲ ಕನ್ಯೆಯನ್ನು ಸಂಸ್ಥೆಯವರೇ ಹುಡುಕಿ, ಮುಖ ನೋಡದ ಗಂಡಿನ ಬಳಿಗೆ ಹಡಗು ಹತ್ತಿಸಿ ಕಳಿಸುತ್ತಿದ್ದರು.

ಹಣವೂ ದೊಡ್ಡವರಿಂದ ಮಾತ್ರ ಬರುತ್ತಿರಲಿಲ್ಲ. 1855ರಿಂದ ವಾರಕ್ಕೊಂದು ಚಿಲ್ಲರೆ ನಾಣ್ಯ, ಅರ್ಧ ಬಾಟ್ಸನ್, ಮನೆಮನೆಯಿಂದ ಎತ್ತುವ ಪದ್ಧತಿ ಶುರುವಾಯಿತು. ಬಡ ಹೆಂಗಸರೂ ಅದಕ್ಕೆ ಕೊಟ್ಟರು. ಕೊಟ್ಟವರಿಗೆ ಲೆಕ್ಕ ಒಪ್ಪಿಸಲು ಪತ್ರಿಕೆ ಇತ್ತು, ವರದಿಗಳಿದ್ದವು. ಆ ವರದಿಗಳ ಒತ್ತಡವನ್ನು ನಾವು ಅರ್ಥಮಾಡಿಕೊಳ್ಳಬೇಕು. ನಾಣ್ಯ ಬರಬೇಕಾದರೆ ಇಲ್ಲಿನ ಕತ್ತಲೆ ಗಾಢವಾಗಿರಬೇಕು. 1839ರ ಹುಬ್ಬಳ್ಳಿ ಹತ್ತಿ, ಬಟ್ಟೆಗಳ ದೊಡ್ಡ ಪೇಟೆ. ಸಾಹುಕಾರರ ಹುಂಡಿಗಳು ದೂರದೂರಿಗೆ ನಡೆಯುತ್ತಿದ್ದವು. ಮಠಗಳಿದ್ದವು, ಪುರಾಣ–ಶಾಸ್ತ್ರ ಬಲ್ಲವರಿದ್ದರು, ಅಚ್ಚುಕಟ್ಟಾದ ಪ್ರಶ್ನೆ ಕೇಳಿ ಪಾದ್ರಿಗಳನ್ನು ಕಟ್ಟಿಹಾಕುವ ಜಂಗಮರಿದ್ದರು. ಆ ಊರು ವರದಿಗೆ ಇಳಿಯುವಾಗ ಹಲವು ಸಲ ಬರೀ ಅಜ್ಞಾನದ ಊರಾಗುತ್ತಿತ್ತು. ಇವತ್ತು ಮೂಗಿನಲ್ಲಿ ಸಿಂಬಳ ಸೋರುವ ಮಗುವಿನ ಫೋಟೋ ತೋರಿಸಿ ದೇಣಿಗೆ ಎತ್ತುವ ಸಂಸ್ಥೆಗಳ ಹಳೆಯ ಬೇರು ಇಲ್ಲಿದೆ. ಕೊಡುವವನ ಮನ ಕರಗಿಸಲು ಪಡೆಯುವವನನ್ನು ಇರುವುದಕ್ಕಿಂತ ಕೆಳಗಿಟ್ಟು ತೋರಿಸುವ ಈ ಚಾಳಿಯನ್ನು ಯಾವ ಒಳ್ಳೆಯ ಉದ್ದೇಶವೂ ತೊಳೆಯಲಾರದು ಎಂದೇ ನನ್ನ ಅಭಿಪ್ರಾಯ.

ಗದಗಿನ ಪಕ್ಕದ ಮಲ್ಲಸಮುದ್ರದ ಕತೆಯನ್ನು ಸೇವೆಗೆ ಹೊರಡುವ ಪ್ರತಿಯೊಬ್ಬರೂ ಓದಬೇಕು. ಹುಬ್ಬಳ್ಳಿ–ಗದಗ ಸುತ್ತಿನಲ್ಲಿ ಆಗ ಕಾಲಜ್ಞಾನವನ್ನು ನಂಬುವ ಜನರ ಒಂದು ಪಂಥವಿತ್ತು. ಹೊಸ ಕಾಲ ಬರುತ್ತದೆ, ಪಡುವಣದಿಂದ ಸತ್ಯ ಹೇಳುವವರು ಬರುತ್ತಾರೆ ಎಂಬ ಮಾತು ತಮ್ಮ ಗ್ರಂಥಗಳಲ್ಲಿದೆ ಎಂದು ಅದರ ಗುರುಗಳು ಪಾದ್ರಿಗಳ ಬಳಿಗೆ ಬಂದರು. ಸಾವಿರಾರು ಜನ ಹಿಂದೆ ಬರುತ್ತಾರೆ, ಆದರೆ ಜಾತಿಯಿಂದ ಹೊರಬಿದ್ದರೆ ಬದುಕಲು ನೆಲೆ ಬೇಕು ಎಂದರು. ಬಂದು ನಾಲ್ಕಾರು ವರ್ಷವೂ ಆಗದ, ಭಾಷೆ ಇನ್ನೂ ನಾಲಿಗೆಗೆ ಹತ್ತದ ಯುವಕರಿಗೆ ಇದು ದೇವರೇ ಕಳಿಸಿದ ಸುದ್ದಿಯಂತೆ ಕೇಳಿತು. 1841ರಲ್ಲಿ ಮಲ್ಲಸಮುದ್ರದಲ್ಲಿ ನೆಲ ಹಿಡಿದು, ಮನೆ ಕಟ್ಟಿ, ಬೇಸಾಯ ಬಲ್ಲ ಮಿಶನರಿಗಳನ್ನು ಕೂರಿಸಿ, ಹೊಸ ಕ್ರೈಸ್ತ ಹಳ್ಳಿಯೊಂದನ್ನು ಸಿದ್ಧಮಾಡಿಟ್ಟರು.

ಜನ ಬರಲಿಲ್ಲ. ಒಬ್ಬೊಬ್ಬರಾಗಿ ನೆಪ ಹೇಳಿದರು, ಕೆಲವರು ಇನ್ನಷ್ಟು ಸವಲತ್ತು ಕೇಳಿದರು, ಹೆಚ್ಚಿನವರು ತಮ್ಮ ಹೊಲಮನೆಗಳಲ್ಲೇ ಉಳಿದರು. ಕೆಲವೇ ವರ್ಷಗಳಲ್ಲಿ ಯೋಜನೆ ಕುಸಿಯಿತು. ಮಿಶನ್ ಚರಿತ್ರೆಗಳಲ್ಲಿ ಇದನ್ನು ಕಾಲಜ್ಞಾನದವರ ಮೋಸವೆಂಬಂತೆ ಬರೆಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕಂದಾಯದ ಭಾರ, ಸಾಲದ ಭಾರ ಹೊತ್ತ ಜನ, ಆಳುವವರ ಬಣ್ಣದವರೇ ಆದ ಹೊಸಬರಿಂದ ಏನಾದರೂ ಆಸರೆ ಸಿಕ್ಕೀತೇ ಎಂದು ತಮಗೆ ಗೊತ್ತಿದ್ದ ಮಾತಿನಲ್ಲಿ ಕೇಳಿನೋಡಿದರು. ಕೇಳಿಸಿಕೊಂಡವರು ತಮಗೆ ಬೇಕಾದದ್ದನ್ನು ಕೇಳಿಸಿಕೊಂಡರು. ಇಬ್ಬರ ನಡುವೆ ಊರನ್ನು ಒಳಗಿನಿಂದ ಬಲ್ಲ, 'ಸ್ವಾಮೀ, ಇದು ಹಾಗಲ್ಲ' ಎಂದು ಹೇಳಬಲ್ಲ ಒಬ್ಬ ಮನುಷ್ಯನೂ ಇರಲಿಲ್ಲ. ಪರದೇಶದ ಸೇವೆಯಲ್ಲಿ ಇವತ್ತಿಗೂ ಹಣ ಪೋಲಾಗುವುದು ಬಹುಪಾಲು ಇಲ್ಲಿಯೇ.

ಇದೇ ಮಿಶನರಿಗಳು ಕನ್ನಡವನ್ನು ಕಲಿತ ಮೇಲೆ ಆದದ್ದು ಬೇರೆಯೇ ಕತೆ. ಹೊಸದಾಗಿ ಬಂದ ಮಿಶನರಿ ಮುನ್ಷಿಯ ಮುಂದೆ ಕೂತು ಕನ್ನಡ ಕಲಿಯಬೇಕು, ಪರೀಕ್ಷೆ ಕೊಡಬೇಕು, ಆಮೇಲೆಯೇ ಹೊಣೆಗಾರಿಕೆ. ಈ ಒಂದು ನಿಯಮ ನಮ್ಮ ಸೀಮೆಗೆ ಕೊಟ್ಟದ್ದನ್ನು ಲೆಕ್ಕಹಾಕಿದರೆ ಮಿಶನ್‌ನ ಉಳಿದ ಕೆಲಸವೆಲ್ಲ ಚಿಕ್ಕದಾಗಿ ಕಾಣುತ್ತದೆ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿಯ ಕಡೆ ಕೆಲಸ ಮಾಡಿದ ವುರ್ತ್ ಅಷ್ಟು ಪರಿಚಿತರಲ್ಲ. ವೀರಶೈವರೊಡನೆ ವಾದಕ್ಕಿಳಿಯಬೇಕೆಂದು ಅವರ ಪುರಾಣಗಳನ್ನು ಓದತೊಡಗಿದ ಅವರು ಬಸವಪುರಾಣ, ಚನ್ನಬಸವಪುರಾಣಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದರು. 1868ರಲ್ಲಿ ಹಳಗನ್ನಡ ಕಾವ್ಯಭಾಗಗಳನ್ನು ಆರಿಸಿ 'ಪ್ರಾಕ್ಕಾವ್ಯಮಾಲಿಕೆ' ಎಂಬ ಸಂಕಲನವನ್ನೂ ಅಚ್ಚುಮಾಡಿಸಿದರು. ವಾದ ಗೆಲ್ಲಲು ಓದಹೊರಟವರು ಓದಿನಲ್ಲೇ ಸಿಕ್ಕಿಬಿದ್ದರು. ಧಾರವಾಡದ ಶಾಲೆಯಲ್ಲಿದ್ದ ಜೀಗ್ಲರ್ 1876ರಲ್ಲಿ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್–ಕನ್ನಡ ನಿಘಂಟು ತಂದರು. ಕಚೇರಿಯಲ್ಲೂ ಸರ್ಕಾರಿ ಶಾಲೆಯಲ್ಲೂ ಮರಾಠಿ ಮೇಲಿದ್ದ ಕಾಲದಲ್ಲಿ ಪರದೇಶದವರು ಕನ್ನಡದಲ್ಲಿ ಕಲಿಸುತ್ತೇವೆ ಎಂದದ್ದು ಸಣ್ಣ ಸಂಗತಿಯಲ್ಲ. ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದ್ದೂ ಅದೇ ಕಾಲದಲ್ಲಿ.

ಇನ್ನು ಕಿಟೆಲ್. 1832ರಲ್ಲಿ ಉತ್ತರ ಜರ್ಮನಿಯ ಕಡಲಂಚಿನ ಹಳ್ಳಿಯಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟೆಲ್ಲರ ಮೊದಲ ಕನ್ನಡ ಧಾರವಾಡ–ಹುಬ್ಬಳ್ಳಿ ಸೀಮೆಯದು. ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದರು (1862), ಶಬ್ದಮಣಿದರ್ಪಣವನ್ನು ಸಂಪಾದಿಸಿದರು (1872), ನಾಗವರ್ಮನ ಛಂದೋಂಬುಧಿಯನ್ನು ಅಚ್ಚಿಗೆ ತಂದರು (1875). ಉಪದೇಶಕ್ಕೆಂದು ಕಳಿಸಿದವನು ಹಳೆಯ ವ್ಯಾಕರಣದಲ್ಲಿ ಮುಳುಗಿದ್ದು ಮಿಶನ್‌ನ ಹಿರಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಮೊದಲ ಹೆಂಡತಿ ಇಲ್ಲಿಯೇ ತೀರಿಕೊಂಡರು. ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದವರು ನಿಘಂಟಿಗಾಗಿ 1883ರಲ್ಲಿ ಮತ್ತೆ ಬಂದು ವರ್ಷಗಟ್ಟಲೆ ಕೂತರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳು. ಯಾವ ಪುಟವನ್ನಾದರೂ ತೆರೆಯಿರಿ: ಈ ಶಬ್ದ ಮೈಸೂರು ಕಡೆಯದು, ಇದು ದಕ್ಷಿಣ ಮರಾಠಾ ಸೀಮೆಯದು ಎಂಬ ಗುರುತು ಪಕ್ಕದಲ್ಲಿದೆ. ಹಳಗನ್ನಡ ಕಾವ್ಯದ ಸಾಲು ಮೇಲೆ, ಸಂತೆಯ ಗಾದೆ ಕೆಳಗೆ. ನಮ್ಮ ಬಾಯಲ್ಲಿ ಮಾತ್ರ ಇದ್ದು ಯಾವ ಪುಸ್ತಕಕ್ಕೂ ಸೇರದಿದ್ದ ಎಷ್ಟೋ ಹುಬ್ಬಳ್ಳಿ–ಧಾರವಾಡದ ಮಾತುಗಳು ಪಂಪ–ರನ್ನರ ಮಾತಿನ ಸರಿಸಮಕ್ಕೆ ಅಲ್ಲಿ ಕೂತಿವೆ. ಕೇಳುವ ಕಿವಿಯಿದ್ದವನು ಮಾತ್ರ ಮಾಡಬಹುದಾದ ಕೆಲಸ ಅದು. ಅದಕ್ಕೆ ಬೇಕಾದದ್ದು ಒಂದಿಡೀ ಆಯುಷ್ಯ.

ಆದರೆ ಈ ಕೆಲಸದ ಹಿಂದಿನ ಕನ್ನಡಿಗರ ಕೈಗಳನ್ನು ನಾವು ಮರೆತದ್ದು ಸರಿಯಲ್ಲ. ಮುನ್ಷಿಗಳು, ತಾಳೆಗರಿ ಓದಿ ಹೇಳಿದ ಪಂಡಿತರು, ಅಚ್ಚುಮೊಳೆ ಜೋಡಿಸಿದವರು, ಹಳ್ಳಿಹಳ್ಳಿ ತಿರುಗಿದ ಉಪದೇಶಿಗಳು, ಮನೆಯೊಳಗೆ ಹೋಗಿ ಹೆಣ್ಣುಮಕ್ಕಳಿಗೆ ಓದು ಕಲಿಸಿದ ಇಲ್ಲಿನದೇ ಹೆಂಗಸರು – ಇವರಿಲ್ಲದಿದ್ದರೆ ಒಂದು ಪುಟವೂ ಆಗುತ್ತಿರಲಿಲ್ಲ, ಒಂದು ಶಾಲೆಯೂ ನಡೆಯುತ್ತಿರಲಿಲ್ಲ. ಮಿಶನರಿಯ ಹೆಸರಿನಲ್ಲಿ ಕಾಲೇಜಿದೆ, ಪ್ರತಿಮೆಯಿದೆ. ಇವರ ಹೆಸರು ಸಂಬಳದ ಪುಸ್ತಕದಲ್ಲಿ ಉಳಿದಿದ್ದರೆ ಅದೇ ಹೆಚ್ಚು. ಧಾರವಾಡದ ಯಾವನಾದರೂ ಸಂಶೋಧಕ ಬಾಸೆಲ್‌ನ ದಾಖಲೆಗಳನ್ನು ಕೂತು ಓದಿ ಈ ಜನರ ಚರಿತ್ರೆಯನ್ನು ಬರೆದರೆ ಅದು ನಮ್ಮ ನಾಡಿಗೆ ದೊಡ್ಡ ಉಪಕಾರ.

ಹೊಟ್ಟೆಪಾಡಿನ ಪ್ರಶ್ನೆ ಮಲ್ಲಸಮುದ್ರದೊಂದಿಗೆ ಮುಗಿಯಲಿಲ್ಲ. ಕ್ರೈಸ್ತನಾದವನನ್ನು ಜಾತಿ ಹೊರಹಾಕುತ್ತಿತ್ತು. ಜಾತಿಯೊಂದಿಗೆ ಕಸುಬೂ, ನೀರಿನ ಬಾವಿಯೂ, ಸಾಲ ಕೊಡುವವನೂ ಹೋಗುತ್ತಿದ್ದ. ಅವನಿಗೆ ಕೆಲಸ ಕೊಡುವ ಹೊಣೆ ಮಿಶನ್ ಮೇಲೆ ಬಿತ್ತು. ಕರಾವಳಿಯಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿದ್ದು ಇದರಿಂದಲೇ. ಮಂಗಳೂರು ಹೆಂಚು ಜಗತ್ತಿಗೆಲ್ಲ ಹೋಯಿತು. ನಮ್ಮ ಕಡೆ ಅಂಥ ಉದ್ದಿಮೆ ಬೇರು ಬಿಡಲಿಲ್ಲ, ಕ್ರೈಸ್ತರಾದವರೂ ಕಡಿಮೆಯೇ. ಮಿಶನ್ ಹೀಗೆ ಕೊಟ್ಟ ಕೆಲಸ ಒಳ್ಳೆಯ ಮಾತಿನಲ್ಲಿ ಹೇಳುವುದಾದರೆ ಆಶ್ರಯ, ಕಟುವಾಗಿ ಹೇಳುವುದಾದರೆ ಅವಲಂಬನೆ. ಒಂದೇ ಸಂಸ್ಥೆ ಗುರು, ಧಣಿ, ಮನೆಯ ಯಜಮಾನ, ನ್ಯಾಯ ಹೇಳುವ ಹಿರಿಯ ಎಲ್ಲವೂ ಆದರೆ ಅದರ ನೆರಳಿನಲ್ಲಿ ಬದುಕುವವನು ಬಾಯಿಬಿಟ್ಟು 'ಒಲ್ಲೆ' ಎನ್ನುವುದು ಹೇಗೆ? 1876–78ರ ಧಾತು–ಈಶ್ವರ ಸಂವತ್ಸರಗಳ ಭೀಕರ ಬರದಲ್ಲಿ ಹೆತ್ತವರನ್ನು ಕಳಕೊಂಡ ಮಕ್ಕಳು ಮಿಶನ್‌ನ ಅನಾಥಾಲಯಗಳನ್ನು ಸೇರಿದರು, ಬದುಕಿ ಉಳಿದರು, ಕ್ರೈಸ್ತರಾಗಿ ಬೆಳೆದರು. ಆ ಮಕ್ಕಳನ್ನು ಸಾಯಲು ಬಿಡಬೇಕಿತ್ತೆಂದು ಯಾರೂ ಹೇಳಲಾರರು. ಆಯ್ಕೆ ಮಾಡುವ ವಯಸ್ಸು ಅವರದಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಶಾಲೆ–ಆಸ್ಪತ್ರೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ, ಜನರೇ ತೀರ್ಪು ಕೊಟ್ಟಿದ್ದಾರೆ. ಧಾರವಾಡದ ಬಾಸೆಲ್ ಮಿಶನ್ ಹೈಸ್ಕೂಲಿನಲ್ಲಿ ಕಲಿತವರಲ್ಲಿ ಗಿರೀಶ ಕಾರ್ನಾಡರೂ ಒಬ್ಬರು. ಬೆಟಗೇರಿಯ ಆಸ್ಪತ್ರೆಯನ್ನು ಹಳಬರು 'ಜರ್ಮನ್ ದವಾಖಾನೆ' ಎಂದೇ ಕರೆಯುತ್ತ ಬಂದರು.

ಹುಬ್ಬಳ್ಳಿಯ ಇನ್ನೊಂದು ನೆನಪು ಅಷ್ಟು ಹಿತವಲ್ಲ. ಸೆಟ್ಲಮೆಂಟ್ ಎಂದರೆ ಇವತ್ತಿಗೂ ಆಟೊದವರು ಸೀದಾ ಕರಕೊಂಡು ಹೋಗುತ್ತಾರೆ. 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಬೇಲಿಯೊಳಗೆ ಇಟ್ಟು, ಹಾಜರಿ ಕರೆದು, ರೈಲ್ವೆ ವರ್ಕ್‌ಶಾಪು–ಗಿರಣಿಗಳಿಗೆ ದುಡಿಯಲು ಕಳಿಸುತ್ತಿದ್ದ ವಸಾಹತು ಅದು. ಮುಂಬೈ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಈ ವ್ಯವಸ್ಥೆಯನ್ನು ಬಿಜಾಪುರದಿಂದ ಬೆಳೆಸಿದರು. ಇಂಥ ವಸಾಹತುಗಳನ್ನು ನಡೆಸುವಲ್ಲಿ ಸಾಲ್ವೇಶನ್ ಆರ್ಮಿ ಸೇರಿ ಹಲವು ಕ್ರೈಸ್ತ ಸಂಸ್ಥೆಗಳು ದೇಶದುದ್ದಕ್ಕೂ ಸರ್ಕಾರಕ್ಕೆ ಕೈಜೋಡಿಸಿದವು. ಅಲ್ಲಿ ದುಡಿದವರಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ, ರೋಗಿಗಳ ಆರೈಕೆ ಮಾಡಿದ ಸಜ್ಜನರು ಇದ್ದೇ ಇದ್ದರು. ಆದರೆ ಸಂಜೆ ಹಾಜರಿ ತಪ್ಪಿದರೆ ಶಿಕ್ಷೆಯಾಗುವ ಜಾಗದಲ್ಲಿ ನಡೆದ ಸೇವೆ ಅದು. 1952ರಲ್ಲಿ ಆ ಹಣೆಪಟ್ಟಿ ಹಚ್ಚಿದ ಕಾಯ್ದೆ ಹೋಯಿತು, ಸೆಟ್ಲಮೆಂಟ್ ಎಂಬ ಹೆಸರು ಹೋಗಲಿಲ್ಲ. ಸೇವೆ ಮಾಡುವವನು ಯಾರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾನೆ ಎಂದು ನೋಡದೆ ಅವನ ಪ್ರೀತಿಯನ್ನು ಅಳೆಯಲಾಗದು.

ಬಾಸೆಲ್‌ನವರ ಕೆಲಸಕ್ಕೆ ನಿಜವಾದ ಪರೀಕ್ಷೆ ಬಂದದ್ದು 1914ರಲ್ಲಿ. ಮಹಾಯುದ್ಧ ಶುರುವಾಗುತ್ತಲೇ ಜರ್ಮನರೆಲ್ಲ ಶತ್ರುದೇಶದವರಾದರು. ಪಾದ್ರಿಗಳನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿ, 'ಗೋಲ್ಕೊಂಡಾ' ಹಡಗಿನಲ್ಲಿ ತವರಿಗೆ ಕಳಿಸಿಬಿಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ನಮ್ಮ ಸೀಮೆಯ ಕೆಲಸವನ್ನು ಸ್ವಿಸ್ ನೆಲೆಯ ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ನೋಡಿಕೊಂಡಿತು. ಇದ್ದಕ್ಕಿದ್ದಂತೆ ಸಾಹೇಬರಿಲ್ಲದ ದಿನಗಳಲ್ಲಿ ಇಲ್ಲಿನ ಸಭೆಗಳನ್ನು, ಶಾಲೆಗಳನ್ನು ಹಿಡಿದು ನಿಲ್ಲಿಸಿದವರು ಸ್ಥಳೀಯ ಪಾದ್ರಿಗಳು, ಮಾಸ್ತರರು, ಸಭೆಯ ಹಿರಿಯರು. 80 ವರ್ಷ ಗುರುಗಳಾಗಿದ್ದವರು ನಾಯಕತ್ವವನ್ನು ತಾವಾಗಿ ಬಿಟ್ಟುಕೊಟ್ಟದ್ದು ಕಡಿಮೆ, ಯುದ್ಧ ಬಿಡಿಸಿತು. ಮುಂದೆ ದಕ್ಷಿಣ ಭಾರತ ಸಭೆ ರೂಪುಗೊಂಡು, ಈಗ ಧಾರವಾಡದಲ್ಲಿ ಅದರ ಉತ್ತರ ಕರ್ನಾಟಕ ಧರ್ಮಪ್ರಾಂತ್ಯದ ಕೇಂದ್ರವಿದೆ. ಬಿಷಪ್ಪರು ನಮ್ಮವರೇ, ಪ್ರಾರ್ಥನೆ ನಮ್ಮ ಕನ್ನಡದ್ದೇ. ಹಾಗೆಯೇ ದೇಶನೂರು ಎಂಬ ಹಳ್ಳಿಯಲ್ಲಿ ಕ್ಯಾಥೊಲಿಕ್ ಪಂಥದ ಜೆಸ್ವಿಟ್ ಗುರುಗಳು ಕಾವಿಯುಟ್ಟು, ವಿರಕ್ತಮಠದ ರೀತಿಯಲ್ಲಿ ಬದುಕಿ ನೋಡಿದ್ದೂ ಇದೇ ನೆಲದ ಪ್ರಯೋಗ. ಅದನ್ನು ಮೆಚ್ಚಿದವರೂ ಇದ್ದಾರೆ, ಅನುಮಾನದಿಂದ ನೋಡಿದವರೂ ಇದ್ದಾರೆ.

ಈಗಿನ ಮಾತಿಗೆ ಬರೋಣ. ಬದಲಾದದ್ದು ಮುಖ್ಯವಾಗಿ ಕಾಲದ ಅಳತೆ. ಆಯುಷ್ಯವಿಡೀ ಇದ್ದದ್ದು ಎರಡು ವಾರಕ್ಕೆ ಇಳಿದಿದೆ. ಅಮೆರಿಕದ ಸಭೆಗಳಿಂದ ಪ್ರತಿ ಬೇಸಿಗೆ ರಜೆಯಲ್ಲಿ ಲಕ್ಷಾಂತರ ಜನ ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಕೆನ್ಯಾಗಳಿಗೆ ಹೋಗಿಬರುತ್ತಾರೆ. ಅವರಲ್ಲಿ ಹುಬ್ಬಳ್ಳಿ ಮೂಲದ ಕ್ರೈಸ್ತ ಮನೆತನಗಳ ಮೂರನೆಯ ತಲೆಮಾರಿನ ಮಕ್ಕಳೂ ಇದ್ದಾರೆ. ದೇಶಪಾಂಡೆ ನಗರದಲ್ಲಿ, ಸವಾಯಿ ಗಂಧರ್ವ ಸಭಾಭವನದ ಹತ್ತಿರ, ಮಿಶನ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರಿದ್ದಾರೆ. ಟೆಕ್ಸಾಸಿನಲ್ಲಿರುವ ಮೊಮ್ಮಗ ವೀಡಿಯೊ ಕರೆಯಲ್ಲಿ, ಗ್ವಾಟೆಮಾಲಾದ ಹಳ್ಳಿಯೊಂದರ ಶಾಲೆಗೆ ಬಣ್ಣ ಹಚ್ಚಿ ಬಂದೆವೆಂದು ಖುಷಿಯಿಂದ ಫೋಟೋ ತೋರಿಸಿದನಂತೆ. ಅಕ್ಕೋರು ಕೇಳಿದ್ದು ಒಂದೇ: 'ಚಲೋ ಆತೋ ತಮ್ಮಾ. ಅಲ್ಲೆ ಬಣ್ಣಾ ಹಚ್ಚಾವ್ರು ಯಾರೂ ಇರಲಿಲ್ಲೇನು?' ಹುಡುಗ ಬಹಳ ಹೊತ್ತು ಸುಮ್ಮನಿದ್ದು, 'ಇದ್ರು ಅಜ್ಜಿ, ನಮ್ಮನ್ನ ನೋಡ್ಕೋತ ನಿಂತಿದ್ರು' ಎಂದನಂತೆ. ಇದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಕೊಂಕಿರಲಿಲ್ಲ. 'ಹುಡುಗನ ಮನಸ್ಸು ಚಲೋ ಐತ್ರಿ. ಆದ್ರ ಹದಿನೈದ ದಿನದಾಗ ಊರಿನ ನೀರು ಸೈತ ಒಗ್ಗೂದಿಲ್ಲ' ಎಂದರು.

ಆ ಹುಡುಗ ಕಂಡದ್ದನ್ನು ಲೆಕ್ಕದಲ್ಲಿ ತೋರಿಸಿದವರೂ ಇದ್ದಾರೆ. 1998ರ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ನೆಲಸಮ ಮಾಡಿದಾಗ ಉತ್ತರ ಅಮೆರಿಕದ ಸಭೆಗಳ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟವು. ಅಲ್ಲಿಯೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಸಮಾಜವಿಜ್ಞಾನಿ, ಸ್ವತಃ ಶ್ರದ್ಧಾವಂತ ಕ್ರೈಸ್ತ, ಆ ಮನೆಗಳನ್ನು ಅಧ್ಯಯನ ಮಾಡಿದರು. ಸ್ಥಳೀಯ ಸಂಸ್ಥೆ ಊರ ಜನರಿಂದ ಕಟ್ಟಿಸಿದ ಮನೆಗೆ ಸುಮಾರು 2,000 ಡಾಲರ್ ಹಿಡಿಯುತ್ತಿತ್ತು. ಪರದೇಶದ ತಂಡ ಬಂದು ಕಟ್ಟಿದ ಮನೆಗೆ ಪ್ರಯಾಣ–ವಸತಿ ಸೇರಿ ಸುಮಾರು 30,000 ಡಾಲರ್. ವಾಸಿಸುವವರ ಬದುಕಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ಕೊಡುಗೈಯಲ್ಲೂ ಪ್ರಾರ್ಥನೆಯಲ್ಲೂ ಬಾಳುವ ಬದಲಾವಣೆ ಹೆಚ್ಚೇನೂ ಆಗಿರಲಿಲ್ಲ. ಒಂದು ತಂಡದ ಖರ್ಚಿನಲ್ಲಿ ಒಂದು ಓಣಿಯೇ ಎದ್ದು ನಿಲ್ಲಬಹುದಿತ್ತು, ಊರಿನ ಗೌಂಡಿಗಳಿಗೆ ಪಗಾರವೂ ಸಿಗುತ್ತಿತ್ತು.

ಹಣ ಹೋದರೆ ಹೋಯಿತು, ಜೀವ ಹೋದರೆ? ಉಗಾಂಡದ ಜಿಂಜಾ ಪಟ್ಟಣದಲ್ಲಿ ವೈದ್ಯಕೀಯ ಪದವಿಯಿಲ್ಲದ ಅಮೆರಿಕದ ಯುವತಿಯೊಬ್ಬಳು ದೇವರ ಕರೆಯೆಂದು ನಂಬಿ ಅಪೌಷ್ಟಿಕ ಮಕ್ಕಳ ಕೇಂದ್ರ ನಡೆಸಿದಳು. 2010ರಿಂದ 2015ರವರೆಗೆ ಅಲ್ಲಿಗೆ ಬಂದ 940 ಮಕ್ಕಳಲ್ಲಿ 105 ಮಕ್ಕಳು ತೀರಿಕೊಂಡರು. ತಾಯಂದಿರು 2019ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿಯಲ್ಲಿ ಮುಗಿಯಿತು. ತನ್ನ ಊರಿನಲ್ಲಿ ಒಂದು ಮಗುವಿಗೆ ಸೂಜಿ ಚುಚ್ಚಲು ಅಧಿಕಾರವಿಲ್ಲದವಳಿಗೆ ಆಫ್ರಿಕದಲ್ಲಿ ಆ ಧೈರ್ಯ ಎಲ್ಲಿಂದ ಬಂತು? ಬಡವರಿಗೆ ಸಿಕ್ಕಿದ್ದೇ ಸಾಕು ಎಂಬ, ಹೊರಗೆ ಯಾರೂ ಹೇಳದ ಆದರೆ ಒಳಗೆ ಹಲವರಿಗಿರುವ ಎಣಿಕೆಯಿಂದ. ಅನಾಥಾಲಯಗಳದ್ದೂ ಇದೇ ಕತೆ. ನೇಪಾಳ, ಕಾಂಬೋಡಿಯಾಗಳಲ್ಲಿ ಪರದೇಶದ ಸ್ವಯಂಸೇವಕರು ಬರುತ್ತಾರೆಂದೇ ತಂದೆತಾಯಿ ಇರುವ ಮಕ್ಕಳನ್ನು ತಂದು ಅನಾಥರೆಂದು ಕೂರಿಸಿದ ಪ್ರಕರಣಗಳು ಬಯಲಾದವು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯ್ದೆ ತರುವ ಹೊತ್ತಿಗೆ ಇದನ್ನೂ ಮಕ್ಕಳ ಸಾಗಾಟವೆಂದೇ ಗಣಿಸಿತು. ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಚಿಂತಕರು 1968ರಲ್ಲಿಯೇ, ಮೆಕ್ಸಿಕೊ ಸೇವೆಗೆ ಹೊರಟ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯಕ್ಕೆ ಮಾತ್ರ ಬರಬೇಡಿ ಎಂಬರ್ಥದಲ್ಲಿ ಮಾತಾಡಿದ್ದರು. ಅಷ್ಟು ದೂರ ನಾನು ಹೋಗಲಾರೆ. ಕಿಟೆಲ್ಲರು ಬರಬಾರದಿತ್ತು ಎಂದು ಧಾರವಾಡದ ನೆಲದ ಮೇಲೆ ನಿಂತು ಯಾರು ಹೇಳಿಯಾರು?

ಮತಾಂತರದ ಪ್ರಶ್ನೆಯನ್ನು ಬದಿಗಿಟ್ಟು ಈ ವಿಷಯ ಮಾತಾಡುವುದು ಅಪ್ರಾಮಾಣಿಕವಾಗುತ್ತದೆ. ಬಾಸೆಲ್‌ನವರು ತಮ್ಮ ಉದ್ದೇಶವನ್ನು ಮುಚ್ಚಿಡಲಿಲ್ಲ. ಜಾತ್ರೆಯಲ್ಲಿ ನಿಂತು ಬಹಿರಂಗವಾಗಿ ಹೇಳಿದರು, ಬೈಸಿಕೊಂಡರು, ಕೆಲವೊಮ್ಮೆ ಕಲ್ಲೇಟನ್ನೂ ತಿಂದರು. ನನಗೆ ಆ ನೇರ ಮಾತು ಇಂದಿನ ಕೆಲವು ಒಳದಾರಿಗಳಿಗಿಂತ ಗೌರವದ್ದಾಗಿ ಕಾಣುತ್ತದೆ. ಸೇವೆಯನ್ನು ಸೇವೆಗಾಗಿಯೇ ಮಾಡಿ ಎಂದು ಗಾಂಧೀಜಿ ಮಿಶನರಿಗಳಿಗೆ 'ಹರಿಜನ' ಪತ್ರಿಕೆಯಲ್ಲಿ ಮತ್ತೆ ಮತ್ತೆ ಹೇಳಿದರು. ಇಂದಿನ ನಮ್ಮ ಕಾನೂನು ಒಂದು ಗೆರೆ ಎಳೆದಿದೆ: ಪ್ರವಾಸಿ ವೀಸಾದಲ್ಲಿ ಬಂದವರು ಒಂದು ತಿಂಗಳವರೆಗೆ ಪಗಾರವಿಲ್ಲದ ಸ್ವಯಂಸೇವೆ ಮಾಡಬಹುದು, ಧರ್ಮಪ್ರಚಾರಕ್ಕೆ ಮಿಶನರಿ ವೀಸಾ ಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ಕೊಡುವುದನ್ನು ನಿಲ್ಲಿಸಿತು. ಇದರಿಂದ ದೊಡ್ಡ ಸಂಸ್ಥೆಗಳಿಗಿಂತ ಹಳ್ಳಿಯಲ್ಲಿ ಅವುಗಳ ಕೈಯಾಗಿದ್ದ ಚಿಕ್ಕ ಸಂಸ್ಥೆಗಳಿಗೇ ಪೆಟ್ಟು ಬಿತ್ತು. ಅವಲಂಬನೆ ಎಷ್ಟಿತ್ತು ಎಂಬುದೂ ಆಗಲೇ ಗೊತ್ತಾಯಿತು.

ಹಾಗಾದರೆ ಹೋಗಬೇಕೆನ್ನುವ ಮಕ್ಕಳಿಗೆ ಏನು ಹೇಳುವುದು? ನಮ್ಮೂರಿನ ಅನುಭವ ಹೇಳುವುದು ಇಷ್ಟು: ಕರೆದವರು ಯಾರೆಂದು ಕೇಳಿರಿ. ಆ ಊರಿನ ಮಾತು ಕಲಿಯುವಷ್ಟು ದಿನ ಇರಲಾಗದಿದ್ದರೆ ಪ್ರಯಾಣದ ಹಣವನ್ನು ಅಲ್ಲಿಯವರಿಗೇ ಕಳಿಸಿರಿ. ನಿಮ್ಮ ಊರಿನಲ್ಲಿ ಮಾಡಲು ಅನುಮತಿಯಿಲ್ಲದ ಕೆಲಸವನ್ನು ಅಲ್ಲಿ ಮಾಡಬೇಡಿರಿ. ನಿಮ್ಮ ಮೇಲೆ ಆ ಊರಿನವರೊಬ್ಬರು ಯಜಮಾನರಾಗಿರಲಿ, ತಪ್ಪಿದಾಗ ಬೈಯುವ ಅಧಿಕಾರ ಅವರಿಗಿರಲಿ.

ಈ ಕೊನೆಯ ಮಾತಿಗೆ ಹಳೆಯ ಮೇಲ್ಪಂಕ್ತಿಯಿದೆ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಊರೆಲ್ಲ ರೊಚ್ಚಿಗೆದ್ದ ಮೇಲೆ, 1846ರಲ್ಲಿ ಬಾಸೆಲ್‌ಗೆ ಹೋಗಿ ಅಲ್ಲಿಯವರ ಜೊತೆಗೇ ಓದಿ 1851ರಲ್ಲಿ ಅವರ ಸರಿಸಮದ ಮಿಶನರಿಯಾಗಿ ಮರಳಿದರು. ಆದರೂ ಸೇವೆಯ ದಾರಿ ಬಹುಕಾಲ ಅಲ್ಲಿಂದ ಇಲ್ಲಿಗೆ, ಒಂದೇ ಕಡೆಗೆ ಸಾಗಿತು. ಈಗ ಸ್ವಲ್ಪ ಬದಲಾಗುತ್ತಿದೆ. 2001ರಲ್ಲಿ ಬಾಸೆಲ್ ಮಿಶನ್ ಇತರ ಸಂಸ್ಥೆಗಳೊಡನೆ ಕೂಡಿ 'ಮಿಶನ್ 21' ಆಯಿತು. ಜರ್ಮನ್ ಸರ್ಕಾರ 2008ರಲ್ಲಿ ಆರಂಭಿಸಿದ 'ವೆಲ್ಟ್‌ವೆರ್ಟ್ಸ್' ಯೋಜನೆಯಲ್ಲಿ ಅಲ್ಲಿನ ಹುಡುಗರು ಕನಿಷ್ಠ 6 ತಿಂಗಳು ಹೊರದೇಶದಲ್ಲಿರಬೇಕು. 2013ರಿಂದ ದಕ್ಷಿಣದ ದೇಶಗಳ ಹುಡುಗರೂ ಅದೇ ಯೋಜನೆಯಲ್ಲಿ ಜರ್ಮನಿಗೆ ಸೇವೆಗೆ ಹೋಗಬಹುದು. ಸ್ಟುಟ್‌ಗಾರ್ಟ್ ನೆಲೆಯ ಮಿಶನ್ ಒಕ್ಕೂಟದಲ್ಲಿ ದಕ್ಷಿಣ ಭಾರತ ಸಭೆಯೂ ಸದಸ್ಯ. ಹಾಗೆ ಜರ್ಮನಿಗೆ ಹೋದವರಿಗೆ ಸಿಗುವ ಕೆಲಸ ದೊಡ್ಡದೇನಲ್ಲ. ವೃದ್ಧಾಶ್ರಮದಲ್ಲಿ ಅಜ್ಜಂದಿರಿಗೆ ಊಟ ಬಡಿಸುವುದು, ಶಿಶುವಿಹಾರದಲ್ಲಿ ಮಕ್ಕಳಿಗೆ ಬೂಟು ತೊಡಿಸುವುದು, ಅಂಗವಿಕಲರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಡ್ಡಾಡಿಸಿ ತರುವುದು. ಮೊದಲು ಭಾಷೆ ಕಲಿಯಬೇಕು, ಮೇಲಿನವರು ಹೇಳಿದ ಹಾಗೆ ಕೇಳಬೇಕು. ವುರ್ಟೆಂಬರ್ಗಿನ ಹಳ್ಳಿಗಳಲ್ಲಿ ಮುಪ್ಪಿನವರು ಹೆಚ್ಚಾಗಿದ್ದಾರೆ, ಎತ್ತಿ ಕೂರಿಸುವ ಕೈಗಳು ಸಾಲುತ್ತಿಲ್ಲ. ಹುಬ್ಬಳ್ಳಿ–ಧಾರವಾಡದ ಯುವಕರಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.